ಪಾಕ ಬಂದರೂ ಮೀಟರ್ 110ರಲ್ಲೇ ನಿಲ್ಲುತ್ತದೆ, ಯಾಕೆ?

ಪ್ರಶ್ನೆ: ಪಾಂಡವಪುರದ ಹತ್ತಿರ ನಮ್ಮ ಆಲೆಮನೆ ಇದೆ. ಕೊಪ್ಪರಿಗೆ ಅಂಚಿನಿಂದ ತಳ ಮುಚ್ಚಿದ ಸ್ಟೀಲ್ ಕೊಳವೆ ಇಳಿಬಿಟ್ಟು, ಅದರೊಳಗೆ ಪಿಟಿ-100 ಪ್ರೋಬ್ (ಬಿಸಿ ಅಳೆಯುವ ಪ್ಲಾಟಿನಂ ಸೆನ್ಸರ್ ಇರುವ ಕಡ್ಡಿ) ಹಾಕಿದ್ದೇವೆ. ಬೆಲ್ಲದ ಪಾಕ 118 ಡಿಗ್ರಿ ಆಸುಪಾಸು ಬರಬೇಕು, ಮೀಟರ್ 110 ದಾಟುವುದಿಲ್ಲ. ಮೂರು ಸೆನ್ಸರ್ ಬದಲಾಯಿಸಿದೆವು. ಅಂಗಡಿಯವರು 8 ಡಿಗ್ರಿ ಕೂಡಿಸಿಕೊಳ್ಳಿ ಅಂತಾರೆ.

ಉತ್ತರ: ಗಾಣ ಶುರುವಾದರೆ ಸಾಕು, ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸೆನ್ಸರ್ ಬದಲಾಯಿಸುವ ಮುಂಚೆ ಕೊಳವೆಯೊಳಗೆ ನೋಡಬಾರದೇ? 6 ಮಿ.ಮೀ. ಪ್ರೋಬನ್ನು 12 ಮಿ.ಮೀ. ರಂಧ್ರದ ಕೊಳವೆಗೆ ಬಿಟ್ಟರೆ ಸುತ್ತಲೂ 3 ಮಿ.ಮೀ. ಗಾಳಿ. ಸ್ಟೇನ್‌ಲೆಸ್ ಸ್ಟೀಲ್ ಗಾಳಿಗಿಂತ 500 ಪಟ್ಟಿಗೂ ಮಿಗಿಲಾಗಿ ಶಾಖ ಸಾಗಿಸುತ್ತದೆ. ಆ ಗಾಳಿ ಪ್ರೋಬಿಗೆ ಕಂಬಳಿ ಹೊದಿಸಿದ ಹಾಗೆ. ಒಳಗೆ ಬಂದ ಅಷ್ಟಿಷ್ಟು ಶಾಖವೂ ಪ್ರೋಬಿನ ಮೈ ಹಿಡಿದು ಹೊರಗೆ ತಣ್ಣಗಿರುವ ಅದರ ತಲೆಯ ಕಡೆಗೆ ಹೋಗಿಬಿಡುತ್ತದೆ.

ಕೊಳವೆಗೆ ಒಂದು ಒಣ ಕಡ್ಡಿ ಇಳಿಸಿ ಆಳ ಗುರುತು ಮಾಡಿ, ಪ್ರೋಬಿನ ಪಕ್ಕ ಹಿಡಿಯಿರಿ. ಒಂದು ಆಲೆಮನೆಯಲ್ಲಿ ತುದಿಗೂ ತಳಕ್ಕೂ ನಡುವೆ ಎರಡು ಬೆರಳು ಸಂದಿ ಇತ್ತು. ಸ್ಪ್ರಿಂಗ್ ಇರುವ ಪ್ರೋಬ್ ತುದಿಯನ್ನು ತಳಕ್ಕೆ ಒತ್ತಿ ಹಿಡಿಯುತ್ತದೆ. ಕೊಳವೆಯ ರಂಧ್ರ ಪ್ರೋಬ್ ಜಾರುವಷ್ಟಿದ್ದರೆ ಸಾಕು. ಉಳಿದ ಸಂದಿಗೆ ಆಹಾರಕ್ಕೆ ಸಲ್ಲುವ ಥರ್ಮಲ್ ಪೇಸ್ಟ್ ಹಾಕಿ.

ಇನ್ನೊಂದು, ಕಬ್ಬಿನ ಹಾಲು ಇಂಗಿದ ಹಾಗೆ ಮಟ್ಟ ಇಳಿಯುತ್ತದೆ. ಪಾಕ ಬರುವ ಹೊತ್ತಿಗೆ ನೆಟ್ಟಗೆ ನಿಂತ ಕೊಳವೆಯ ತುದಿಯಷ್ಟೇ ಮುಳುಗಿರುತ್ತದೆ. ಕೊಳವೆಯನ್ನು ಓರೆಯಾಗಿ ಮಲಗಿಸಿ. ಅದರ ದಪ್ಪದ ಹತ್ತು ಪಟ್ಟು ಉದ್ದ ಪಾಕದೊಳಗಿರಲಿ, ಬೆಂಕಿ ತಾಗುವ ತಳಕ್ಕೆ ಮಾತ್ರ ತಗುಲಬಾರದು.

8 ಡಿಗ್ರಿ ಕೂಡಿಸುವುದು ಶುದ್ಧ ಮೋಸ. ಈ ತಪ್ಪು ಒಂದೇ ಸಮ ಇರುವುದಿಲ್ಲ, ಉರಿ ಜೋರಾದರೆ ಅದೂ ಹೆಚ್ಚುತ್ತದೆ. ಕೊಳವೆಗೆ ನೀರು ಹಾಕಿ ಎನ್ನುವವರನ್ನಂತೂ ಒಲೆಯ ಹತ್ತಿರ ಬಿಡಬೇಡಿ. ಆ ನೀರು ಕುದಿದು ಚಿಮ್ಮಿ, ಬಗ್ಗಿ ನೋಡುತ್ತಿದ್ದ ಹುಡುಗನ ಮುಂಗೈ ಬೆಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅನುಮಾನವಿದ್ದರೆ ಪ್ರೋಬನ್ನು ಕೊಳವೆಯಿಲ್ಲದೆ ಕುದಿಯುವ ನೀರಿಗೆ ಇಳಿಸಿ ನೋಡಿ. ಆಮೇಲೆ ಅದೇ ನೀರಿಗೆ ಕೊಳವೆ ಸಮೇತ ಇಳಿಸಿ, ಅಂಕಿ ನಿಂತ ಮೇಲೆ ಓದಿ. ವ್ಯತ್ಯಾಸ ಬಂದಷ್ಟೂ ಕೊಳವೆಯ ತಪ್ಪು.

ಪ್ರಶ್ನೆ: ದುಬಾರಿ ಸೆನ್ಸರ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಎರಡು ತಂತಿಯ ಪಿಟಿ-100ಗೆ ಉದ್ದ ವೈರ್ ಎಳೆದ ಮೇಲೆ ಹೆಚ್ಚು ತೋರಿಸುತ್ತಿದೆ.

ಉತ್ತರ: ಪಿಟಿ-100 ಬಿಸಿಯನ್ನು ವಿದ್ಯುತ್ ರೋಧದಿಂದ ಅಳೆಯುತ್ತದೆ, ಹಾಗಾಗಿ ತಂತಿಯ ರೋಧದ ಒಂದೊಂದು ಓಮ್‌ಗೂ ಸುಮಾರು 2.6 ಡಿಗ್ರಿ ಸೇರುತ್ತದೆ. ಮೂರು ತಂತಿಯದನ್ನು ಹಾಕಿ.

ಪ್ರಶ್ನೆ: ಮೈಸೂರಿನಲ್ಲಿ ಕುದಿಯುವ ನೀರಿಗೆ ಹೊಸ ಪ್ರೋಬ್ 97.5 ತೋರಿಸಿತು. ಕೆಟ್ಟದ್ದೇ?

ಉತ್ತರ: ಮೈಸೂರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ವಾಪಸ್ ಕೊಟ್ಟಿದ್ದರೆ ಹೋಗಿ ತನ್ನಿ.