ಆಂಟಿಮಾಲ್ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ನನ್ನ ಕಂಪ್ಯೂಟರನ್ನು ಸ್ಲೋ ಮಾಡುತ್ತಿದೆ. ಇದನ್ನು ನಿಲ್ಲಿಸುವುದು ಹೇಗೆ?

ನೀವು ಕೊಟ್ಟ ವಿವರ ಇಷ್ಟು: ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ, ವಿಂಡೋಸ್ 10, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. ಬೆಳಗ್ಗೆ ಆನ್ ಮಾಡಿದರೆ ಅರ್ಧ ಗಂಟೆ ಯಾವ ಕೆಲಸವೂ ಆಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100%, ಎಲ್ಲಕ್ಕಿಂತ ಮೇಲೆ ಈ ಹೆಸರು. ಎಂಡ್ ಟಾಸ್ಕ್ ಒತ್ತಿದರೆ ‘ಆಕ್ಸೆಸ್ ಡಿನೈಡ್’. ರಿಪೇರಿಯವರು ಫಾರ್ಮ್ಯಾಟ್ ಮಾಡಿಸಿ ಅಂದಿದ್ದಾರೆ. ಯೂಟ್ಯೂಬ್‌ನವರು ಡಿಫೆಂಡರ್ ಕಿತ್ತುಹಾಕಿ ಅನ್ನುತ್ತಿದ್ದಾರೆ.

ಎರಡೂ ಬೇಡ.

ಇದು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್, ಅಂದರೆ ಡಿಫೆಂಡರ್. ಫೈಲಿನ ಹೆಸರು ಎಂಎಸ್‌ಎಂಪಿಇಎನ್‌ಜಿ.ಎಕ್ಸೆ (MsMpEng.exe). ಎಂಡ್ ಟಾಸ್ಕ್ ಆಗದಿರುವುದು ದೋಷವಲ್ಲ. ವೈರಸ್ ಬಂದು ಇದನ್ನೇ ಮೊದಲು ಸಾಯಿಸಬಾರದು ಅಂತ ವಿಂಡೋಸ್ ಇದಕ್ಕೆ ರಕ್ಷಣೆ ಕೊಟ್ಟಿದೆ. ಒಂದು ಅನುಮಾನ ಮಾತ್ರ ಮೊದಲೇ ಪರಿಹರಿಸಿಕೊಳ್ಳಿ. ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಪ್ರೋಗ್ರಾಮ್‌ಡೇಟಾ ಒಳಗಿನ ಮೈಕ್ರೋಸಾಫ್ಟ್, ವಿಂಡೋಸ್ ಡಿಫೆಂಡರ್, ಪ್ಲಾಟ್‌ಫಾರ್ಮ್ ಫೋಲ್ಡರ್ ಅಥವಾ ಪ್ರೋಗ್ರಾಮ್ ಫೈಲ್ಸ್ ಒಳಗಿನ ವಿಂಡೋಸ್ ಡಿಫೆಂಡರ್ ಫೋಲ್ಡರ್ ತೆರೆದರೆ ಸರಿ. ಟೆಂಪ್ ಫೋಲ್ಡರೋ ಇನ್ನೆಲ್ಲೋ ತೆರೆದರೆ ಅದು ಹೆಸರು ಕದ್ದುಕೊಂಡ ಬೇರೆ ಪ್ರೋಗ್ರಾಮ್ ಇರಬಹುದು.

ಈಗ ಮುಖ್ಯ ಮಾತು. ಡಿಫೆಂಡರ್ ನಿಗದಿತ ಸ್ಕ್ಯಾನ್ ಬಿಟ್ಟರೆ ತಾನಾಗಿಯೇ ಹೆಚ್ಚು ಕೆಲಸ ಹುಡುಕಿಕೊಂಡು ಹೋಗುವುದಿಲ್ಲ. ಬೇರೆ ಯಾವುದೋ ಪ್ರೋಗ್ರಾಮ್ ಫೈಲ್ ತೆರೆಯುತ್ತದೆ ಅಥವಾ ಬರೆಯುತ್ತದೆ, ಇದು ಆ ಫೈಲನ್ನು ನೋಡುತ್ತದೆ, ಅಷ್ಟೇ. ಮದುವೆ ಮನೆಯಲ್ಲಿ ಅಕ್ಕಿ ಜಾಸ್ತಿ ಖರ್ಚಾಯಿತು ಅಂತ ಅಡುಗೆ ಭಟ್ಟರ ಮೇಲೆ ರೇಗಿದರೆ ಏನು ಬಂತು? ಅಷ್ಟು ಜನರನ್ನು ಕರೆದವರು ಯಾರು ಅಂತ ಕೇಳಬೇಕು. ಪಟ್ಟಿಯಲ್ಲಿ ಮೊದಲು ಕಾಣುವ ಹೆಸರನ್ನು ಬೈಯುವ ಬದಲು, ಅದು ಈಗ ಯಾರ ಫೈಲನ್ನು ಓದುತ್ತಿದೆ ಅಂತ ಪತ್ತೆಮಾಡಿ.

ಅದಕ್ಕೆ ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ರಿಸೋರ್ಸ್ ಮಾನಿಟರ್’ ಹುಡುಕಿ ತೆರೆಯಿರಿ. ಡಿಸ್ಕ್ ಟ್ಯಾಬ್‌ಗೆ ಹೋಗಿ, ಮೇಲಿನ ಪಟ್ಟಿಯಲ್ಲಿ ಎಂಎಸ್‌ಎಂಪಿಇಎನ್‌ಜಿ ಪಕ್ಕದ ಚೌಕಕ್ಕೆ ಟಿಕ್ ಹಾಕಿ. ಕೆಳಗೆ ‘ಡಿಸ್ಕ್ ಆಕ್ಟಿವಿಟಿ’ಯಲ್ಲಿ ಅದು ಆ ಕ್ಷಣ ಓದುತ್ತಿರುವ ಫೈಲುಗಳ ಹೆಸರು ಸಾಲಾಗಿ ಬರುತ್ತವೆ. ಕಂಪ್ಯೂಟರ್ ತಡಕಾಡುತ್ತಿರುವಾಗಲೇ ಇದನ್ನು ನೋಡಬೇಕು. ಆಮೇಲೆ ನೋಡಿ ಪ್ರಯೋಜನವಿಲ್ಲ.

ನಾನು ಒಂದು ಕಾಲೇಜಿನ ಲ್ಯಾಬ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಅಲ್ಲಿ ಒಂದು ಸಿಸ್ಟಮ್‌ ಬಗ್ಗೆ ಇದೇ ದೂರು ಇತ್ತು. ರಿಸೋರ್ಸ್ ಮಾನಿಟರ್‌ನಲ್ಲಿ ಒಂದೇ ಫೋಲ್ಡರ್‌ನ ಜಿಪ್ ಫೈಲುಗಳು ಮತ್ತೆ ಮತ್ತೆ ಬರುತ್ತಿದ್ದವು. ಯಾರೋ ಹಾಕಿಟ್ಟ ಬ್ಯಾಕಪ್ ಪ್ರೋಗ್ರಾಮ್ ಪ್ರತಿ ಸಲ ಹಳೆಯ ಜಿಪ್‌ಗಳನ್ನೆಲ್ಲ ತೆರೆದು ಹೊಸದಾಗಿ ಬರೆಯುತ್ತಿತ್ತು. ಜಿಪ್ ಅಂದರೆ ಡಿಫೆಂಡರ್‌ಗೆ ದುಬಾರಿ ಕೆಲಸ. ಬಿಚ್ಚಿ ಒಳಗಿರುವುದನ್ನೂ ನೋಡುತ್ತದೆ. ಬ್ಯಾಕಪ್ ಸಮಯ ಸಂಜೆಗೆ ಬದಲಾಯಿಸಿದೆವು. ಡಿಫೆಂಡರನ್ನು ಮುಟ್ಟಲೇ ಇಲ್ಲ.

ನಿಮ್ಮಲ್ಲಿ ಒಂದೇ ಫೋಲ್ಡರ್ ಬರುವ ಬದಲು ಸಿ ಡ್ರೈವ್‌ನ ಮೂಲೆಮೂಲೆಯ ಫೈಲುಗಳು ಬರುತ್ತಿದ್ದರೆ, ಅದು ನಿಗದಿತ ಸ್ಕ್ಯಾನ್. ನನ್ನ ಊಹೆ ಇದೇ. ವಿಂಡೋಸ್ ತಾನಾಗಿಯೇ ಸ್ಕ್ಯಾನ್, ಅಪ್‌ಡೇಟ್‌ನಂಥ ಕೆಲಸ ಮಾಡಿಕೊಳ್ಳುವ ‘ಆಟೋಮ್ಯಾಟಿಕ್ ಮೇಂಟೆನೆನ್ಸ್’ ಸಮಯ ಮೊದಲಿನಿಂದ ರಾತ್ರಿ 2 ಗಂಟೆಗೆ ಇಟ್ಟಿರುತ್ತದೆ. ರಾತ್ರಿ 2ಕ್ಕೆ ಅಂಗಡಿಯ ಕಂಪ್ಯೂಟರ್ ಆನ್ ಇರುತ್ತದಾ? ತಪ್ಪಿಹೋದ ಕೆಲಸವನ್ನೆಲ್ಲ ಅದು ಬೆಳಗ್ಗೆ ನೀವು ಆನ್ ಮಾಡಿ, ಕಸ ಗುಡಿಸಿ, ಊದುಬತ್ತಿ ಹಚ್ಚುವಷ್ಟರಲ್ಲಿ ಶುರುಮಾಡುತ್ತದೆ. ಯಾರೂ ಮೌಸ್ ಮುಟ್ಟುತ್ತಿಲ್ಲ, ಕಂಪ್ಯೂಟರ್ ಸುಮ್ನೆ ಕೂತಿದೆ ಅಂತ ಅದರ ಲೆಕ್ಕ.

ಪರಿಹಾರ ಸುಲಭ. ಟಾಸ್ಕ್ ಶೆಡ್ಯೂಲರ್ ತೆರೆದು ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ಫೋಲ್ಡರ್‌ಗೆ ಹೋಗಿ. ‘ವಿಂಡೋಸ್ ಡಿಫೆಂಡರ್ ಶೆಡ್ಯೂಲ್ಡ್ ಸ್ಕ್ಯಾನ್’ನ ಪ್ರಾಪರ್ಟೀಸ್‌ನಲ್ಲಿ ಟ್ರಿಗರ್ಸ್ ಟ್ಯಾಬ್ ಇದೆ. ನೀವು ಊಟಕ್ಕೆ ಹೋಗುವ ಹೊತ್ತನ್ನು ವಾರಕ್ಕೊಮ್ಮೆ ಅಂತ ಅಲ್ಲಿ ಸೇರಿಸಿ. ಕಂಟ್ರೋಲ್ ಪ್ಯಾನೆಲ್‌ನ ‘ಸೆಕ್ಯುರಿಟಿ ಅಂಡ್ ಮೇಂಟೆನೆನ್ಸ್’ನಲ್ಲಿ ಮೇಂಟೆನೆನ್ಸ್ ಸಮಯವನ್ನೂ ಮಧ್ಯಾಹ್ನಕ್ಕೆ ತನ್ನಿ.

ಸಿಪಿಯು ಮಿತಿ 20%ಗೆ ಇಳಿಸಿ ಅನ್ನುವ ಸಲಹೆಯನ್ನೂ ನೋಡಿರುತ್ತೀರಿ. ಅಂಥ ಸೆಟ್ಟಿಂಗ್ ಇರುವುದು ನಿಜ. ಮೊದಲಿನಿಂದ 50% ಇರುತ್ತದೆ. ಆದರೆ ಅದು ಸ್ಕ್ಯಾನ್‌ಗೆ ಮಾತ್ರ, ಫೈಲ್ ತೆರೆದಾಗ ಆಗುವ ತಪಾಸಣೆಗೆ ಅಲ್ಲ. ಅದೂ ಸರಾಸರಿ ಗುರಿ, ಕಟ್ಟುನಿಟ್ಟಿನ ಮಿತಿಯಲ್ಲ. ನಿಮ್ಮಲ್ಲಿ ಒದ್ದಾಡುತ್ತಿರುವುದು ಡಿಸ್ಕ್, ಸಿಪಿಯು ಅಲ್ಲ. ಹಾಗಾಗಿ ಅದರಿಂದ ದೊಡ್ಡ ಲಾಭ ಕಾಣುವುದಿಲ್ಲ.

ಎಕ್ಸ್‌ಕ್ಲೂಷನ್ ಬಗ್ಗೆ ಹುಷಾರು. ಸ್ಕ್ಯಾನ್ ಮಾಡಬೇಡ ಅಂತ ಕೆಲವು ಫೋಲ್ಡರುಗಳನ್ನು ಹೊರಗಿಡಬಹುದು. ನೀವೇ ಮಾಡಿದ ಹಳೆಯ ಲಗ್ನಪತ್ರಿಕೆ, ಬ್ಯಾನರ್ ಫೈಲುಗಳ ಒಂದು ಫೋಲ್ಡರ್ ಹೊರಗಿಟ್ಟರೆ ಪರವಾಗಿಲ್ಲ. ಸಿ ಡ್ರೈವ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಮಾತ್ರ ಬೇಡವೇ ಬೇಡ. ಇನ್ನೊಂದು ಗೊಂದಲ: ಪ್ರೋಸೆಸ್ ಎಕ್ಸ್‌ಕ್ಲೂಷನ್ ಅಂತ ಹಾಕಿದರೆ ಆ ಪ್ರೋಗ್ರಾಮನ್ನು ಬಿಡುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ, ಆ ಪ್ರೋಗ್ರಾಮ್ ತೆರೆಯುವ ಫೈಲುಗಳನ್ನೆಲ್ಲ ಬಿಡುತ್ತದೆ. ಬ್ರೌಸರನ್ನು ಅಲ್ಲಿ ಸೇರಿಸಿದರೆ ಏನಾಗಬಹುದು ನೋಡಿ.

ಡಿಫೆಂಡರನ್ನೇ ತೆಗೆಯುವುದು ನಿಮಗಂತೂ ಸಲ್ಲ. ದಿನವಿಡೀ ಊರಿನವರ ಪೆನ್‌ಡ್ರೈವ್‌ಗಳು ನಿಮ್ಮ ಕಂಪ್ಯೂಟರಿಗೆ ಬೀಳುತ್ತವೆ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ವೈರಸ್ ಹರಡುವುದೇ ಹೀಗೆ, ಅಲ್ವಾ? ಅಂದಹಾಗೆ, ಫುಲ್ ಸ್ಕ್ಯಾನ್ ಕೂಡ ಮೊದಲಿನಿಂದ ಪೆನ್‌ಡ್ರೈವ್‌ಗಳನ್ನು ಬಿಟ್ಟೇ ನಡೆಯುತ್ತದೆ. ಹಾಕಿದ ಕೂಡಲೇ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡುವುದು ಒಳ್ಳೆಯದು. ವಿಂಡೋಸ್‌ನ ಸೆಟ್ಟಿಂಗ್‌ಗಳನ್ನೆಲ್ಲ ಇಡುವ ರಿಜಿಸ್ಟ್ರಿಯಲ್ಲಿ ‘ಡಿಸೇಬಲ್ ಆಂಟಿಸ್ಪೈವೇರ್’ ಹಾಕಿ ಡಿಫೆಂಡರ್ ನಿಲ್ಲಿಸುವ ಹಳೆಯ ಉಪಾಯವನ್ನು 2020ರ ಆಗಸ್ಟ್ ಅಪ್‌ಡೇಟ್‌ನಿಂದ ಡಿಫೆಂಡರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಿಡಿಯೊಗಳು ಮಾತ್ರ ಇನ್ನೂ ಓಡುತ್ತಿವೆ.

ಡಿಫೆಂಡರ್‌ನದೇ ತಪ್ಪು ಇರುವುದೇ ಇಲ್ಲ ಅಂತಲ್ಲ. ಫೈರ್‌ಫಾಕ್ಸ್ ಬಳಸುವವರಿಗೆ ಇದೇ ಪ್ರೋಸೆಸ್ ವಿಪರೀತ ಸಿಪಿಯು ತಿನ್ನುತ್ತಿದೆ ಅಂತ 2018ರಲ್ಲೇ ಆ ಬ್ರೌಸರ್ ತಯಾರಿಸುವ ಮೊಜಿಲ್ಲಾದ ಬಗ್ (ದೋಷಗಳ) ಪಟ್ಟಿಯಲ್ಲಿ ದೂರು ದಾಖಲಾಗಿತ್ತು. ಬ್ರೌಸರ್ ಮೆಮೊರಿಯ ಅನುಮತಿ ಬದಲಾಯಿಸಿದಾಗಲೆಲ್ಲ ಡಿಫೆಂಡರ್ ಅನಗತ್ಯವಾಗಿ ಬಹಳ ಲೆಕ್ಕಾಚಾರ ಮಾಡುತ್ತಿತ್ತು. ಮೊಜಿಲ್ಲಾದ ಎಂಜಿನಿಯರ್‌ಗಳು ಕಾರಣ ಪತ್ತೆಹಚ್ಚಿದರು, 2023ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಸರಿಪಡಿಸಿತು. ಫೈರ್‌ಫಾಕ್ಸ್‌ನಲ್ಲಿ ಬ್ರೌಸ್ ಮಾಡುವಾಗ ಡಿಫೆಂಡರ್ ಬಳಸುವ ಸಿಪಿಯು ಸುಮಾರು 75% ಇಳಿಯಿತು. ಆ ತಿದ್ದುಪಡಿ ಜನರಿಗೆ ಸಿಕ್ಕಿದ್ದು ಡಿಫೆಂಡರ್‌ನ ಮಾಮೂಲಿ ಅಪ್‌ಡೇಟ್‌ನಲ್ಲಿ. ಡೇಟಾ ಉಳಿಸಲು ಅಪ್‌ಡೇಟ್ ನಿಲ್ಲಿಸಿದ್ದರೆ ಮತ್ತೆ ಶುರುಮಾಡಿ.

ಇಷ್ಟಾದರೂ ಬೆಳಗಿನ ಒದ್ದಾಟ ಪೂರ್ತಿ ಹೋಗಲಿಕ್ಕಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವಂಥ 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಡಿಸ್ಕ್‌ಗೆ ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕು. ಅಲ್ಲೊಂದು ಇಲ್ಲೊಂದು ಸಣ್ಣ ಫೈಲ್ ಓದು ಅಂದರೆ ಸೆಕೆಂಡಿಗೆ ನೂರು ಸಲವೂ ಓದಲಾರದು. ತಿರುಗುವ ಭಾಗವೇ ಇಲ್ಲದ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಸಾವಿರಾರು ಸಲ ಓದುತ್ತದೆ. ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ರ‍್ಯಾಮ್‌ಗಿಂತ ಮೊದಲು ಎಸ್‌ಎಸ್‌ಡಿ ಹಾಕಿಸಿ. ರಿಪೇರಿಯವರಿಗೆ ‘ಫಾರ್ಮ್ಯಾಟ್ ಬೇಡ, ಕ್ಲೋನ್ ಮಾಡಿ’ ಅಂತ ಹೇಳಿ, ಅಂದರೆ ಹಳೆಯ ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಹಾಗೇ ಹೊಸದಕ್ಕೆ ನಕಲು ಮಾಡುವುದು. ಆಗ ನುಡಿ, ಫಾಂಟುಗಳು, ಪ್ರಿಂಟರ್ ಸೆಟ್ಟಿಂಗ್ ಯಾವುದನ್ನೂ ಮತ್ತೆ ಹಾಕಬೇಕಾಗುವುದಿಲ್ಲ.