ಗೋವಾದ ಟ್ರಯಥ್ಲಾನ್‌ಗೆ ಸೈಕಲ್ ಹೇಗೆ ಒಯ್ಯಲಿ? ಶನಿವಾರ ತಲುಪಿದರೆ ಸಾಕಾ?

ನೀವು ದಾವಣಗೆರೆಯವರು, ಗೋವಾದ ಐರನ್‌ಮ್ಯಾನ್ 70.3ಕ್ಕೆ (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಟ್ರಯಥ್ಲಾನ್) ಹೆಸರು ಕೊಟ್ಟಿದ್ದೀರಿ, ಈಜು ಕಲಿತಿದ್ದು ಪೂಲ್‌ನಲ್ಲಿ, ಬೇರೆ ಊರಿಗೆ ಹೋಗಿ ಸ್ಪರ್ಧೆ ಮಾಡುವುದು ಇದೇ ಮೊದಲು. ಭಾನುವಾರ ರೇಸ್ ಇದ್ದರೆ ಶನಿವಾರ ಬೆಳಿಗ್ಗೆ ತಲುಪಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಲದು. ಶುಕ್ರವಾರ ಬೆಳಿಗ್ಗೆಯೇ ಪಣಜಿಯಲ್ಲಿರಿ. ಒಂದು ದಿನ ಜಾಸ್ತಿ ರಜೆ ಹೋಗುತ್ತದೆ, ರೂಮಿನ ಬಾಡಿಗೆ ಒಂದು ರಾತ್ರಿ ಜಾಸ್ತಿ. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ 2022ರಲ್ಲಿ ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿದ್ದೆ.

ಮೈಸೂರಿನಿಂದ ಶುಕ್ರವಾರ ಸಂಜೆ ಸ್ಲೀಪರ್ ಬಸ್ ಹತ್ತಿದೆ. ಸೈಕಲ್ ಬಿಚ್ಚಿ, ರಟ್ಟಿನ ಡಬ್ಬಿಯಲ್ಲಿಟ್ಟು, ಬಸ್ಸಿನ ಡಿಕ್ಕಿಯಲ್ಲಿ ನಾನೇ ನಿಲ್ಲಿಸಿದ್ದೆ. ಬೆಂಗಳೂರಿನಲ್ಲಿ ಹತ್ತಿದವರ ಸೂಟ್‌ಕೇಸ್‌ಗಳಿಗೆ ಜಾಗ ಬೇಕಲ್ವಾ? ಡಬ್ಬಿ ಮಲಗಿತು, ಅದರ ಮೇಲೆ ಸೂಟ್‌ಕೇಸ್‌ಗಳು ಕೂತವು. ನಾನು ಮೇಲೆ ಗೊರಕೆ ಹೊಡೆಯುತ್ತಿದ್ದೆ.

ಮರುದಿನ ಮಧ್ಯಾಹ್ನ ರೂಮಿನಲ್ಲಿ ಸೈಕಲ್ ಜೋಡಿಸಿ ಪೆಡಲ್ ತಿರುಗಿಸಿದರೆ ಹಿಂದಿನಿಂದ ಕಟಕಟ ಸದ್ದು. ಗೇರ್ ಬದಲಿಸುವ ಡಿರೇಲರ್ ಫ್ರೇಮಿಗೆ ನೇತಾಡುವುದು ಒಂದು ಸಣ್ಣ ಅಲ್ಯೂಮಿನಿಯಂ ತುಂಡಿನಿಂದ. ಅದಕ್ಕೆ ಹ್ಯಾಂಗರ್ ಅಂತಾರೆ. ಪೆಟ್ಟು ಬಿದ್ದರೆ ಫ್ರೇಮ್ ಉಳಿದು ತಾನು ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ನನ್ನದು ಒಳಕ್ಕೆ ಬಾಗಿತ್ತು. ದೊಡ್ಡ ಹಲ್ಲಿನ ಚಕ್ರಕ್ಕೆ ಚೈನ್ ಏರಿಸಿದರೆ ಡಿರೇಲರ್ ಹೋಗಿ ಕಡ್ಡಿಗಳಿಗೆ ತಾಗುತ್ತಿತ್ತು. ಸಂಜೆಯೊಳಗೆ ಸೈಕಲ್ ಆಯೋಜಕರಿಗೆ ಒಪ್ಪಿಸಬೇಕು. ಬೇರೆ ಸೈಕಲ್‌ನವರ ಬಳಿ ಹ್ಯಾಂಗರ್ ಕೇಳಿದೆ. ಇತ್ತು, ಆದರೆ ಒಂದೊಂದು ಮಾಡೆಲ್‌ಗೆ ಒಂದೊಂದು ಆಕಾರ, ಕೂರಲಿಲ್ಲ.

ಸೈಕಲ್ ರಿಪೇರಿ ಅಂಗಡಿ ಹುಡುಕಿ ಹೊರಗೆ ಓಡಿದರೆ ಬೀದಿಯೆಲ್ಲ ಬಂದ್. ಹೋಟೆಲ್ ಕಾಯುತ್ತಿದ್ದ ಗದಗದ ಹುಡುಗ ನನ್ನ ಕನ್ನಡದ ಬೈಗುಳ ಕೇಳಿ ಎದ್ದು ಬಂದ. "ಏನಾತ್ರಿ ಸರ? ಮಧ್ಯಾಹ್ನ ಒಂದರಿಂದ ನಾಕರ ತನಕ ಇಲ್ಲಿ ಭಾಳ ಅಂಗಡಿ ತೆಗಿಯಂಗಿಲ್ರಿ. ಉಂಡು ಮಲಗ್ತಾರ. ನಮ್ಮ ಕಡೆಯಾಂವ ಒಬ್ಬ ಅದಾನ, ಬರ್ರಿ, ಎಬ್ಬಿಸೋಣ."

ಎಬ್ಬಿಸಿದೆವು. ಬಾಗಲಕೋಟೆ ಕಡೆಯ ಹಿರಿಯರು. ಕಾರ್ಬನ್ ಫ್ರೇಮನ್ನು ಒಂದು ಕೈಯಲ್ಲಿ ಎತ್ತಿ ನೋಡಿ, "ಇದರಾಗ ಏನೂ ಇಲ್ಲಲ್ರೀ" ಅಂದರು. ಆಮೇಲೆ ಹಿಂದೆ ಕೂತು, ಒಂದು ಕಣ್ಣು ಮುಚ್ಚಿ, ಚಕ್ರಕ್ಕೂ ಡಿರೇಲರ್‌ಗೂ ಗೆರೆ ಹಿಡಿದ ಹಾಗೆ ನೋಡಿದರು. ಬೋಲ್ಟಿಗೆ ಅಲೆನ್ ಕೀ ಸಿಕ್ಕಿಸಿ, ಹಾಲು ಕರೆಯುವಷ್ಟು ಮೆತ್ತಗೆ ಎಳೆದರು. ಎಳೆದು ನೋಡಿದರು, ಮತ್ತೆ ಎಳೆದರು. "ಇದಕ್ಕಿಂತ ಎಳದ್ರ ಮುರಿತೈತಿ." ಮೇಲಿನ ಎರಡು ಗೇರ್‌ಗೆ ಚೈನ್ ಹತ್ತದ ಹಾಗೆ ಸ್ಕ್ರೂ ಬಿಗಿ ಮಾಡಿಸಿಕೊಂಡೆ. ಏರು ಹತ್ತಲು ಬೇಕಾಗುವ ಎರಡು ಗೇರ್ ಇಲ್ಲದೆ 90 ಕಿಲೋಮೀಟರ್ ತುಳಿದೆ. ಮುಗಿಸಿದೆ, ಆದರೆ ಓಟ ಶುರು ಮಾಡುವಾಗ ತೊಡೆ ಕಲ್ಲಾಗಿತ್ತು.

ಈಗ ನಿಮ್ಮ ಸೈಕಲ್ ವಿಷಯ. ದಾವಣಗೆರೆಯಿಂದಾದರೆ ಕಾರೇ ಒಳ್ಳೆಯದು. ಹುಬ್ಬಳ್ಳಿ ಕಡೆಯಿಂದ ಹೋಗುವವರು ಇದ್ದೇ ಇರುತ್ತಾರೆ, ಪೆಟ್ರೋಲ್ ಹಂಚಿಕೊಳ್ಳಿ. ಹಿಂದಿನ ಸೀಟು ಮಡಿಸಿ, ಎರಡೂ ಚಕ್ರ ಬಿಚ್ಚಿ, ಡಿರೇಲರ್ ಇರುವ ಬದಿ ಮೇಲೆ ಬರುವ ಹಾಗೆ ಮಲಗಿಸಿದರೆ ಮುಗಿಯಿತು. ಧಾರವಾಡದಿಂದ ರಾಮನಗರ, ಅನಮೋಡ್ ಘಾಟ್ ಇಳಿಯಬಹುದು. ಇಲ್ಲವೇ ಯಲ್ಲಾಪುರ, ಅಂಕೋಲಾ, ಕಾರವಾರ ಸುತ್ತಿಕೊಂಡು ಹೋಗಬಹುದು. ಮಳೆಗಾಲ ಮುಗಿದ ಹೊಸತರಲ್ಲಿ ಯಾವ ರಸ್ತೆ ಗುಂಡಿ ಬಿದ್ದಿದೆ ಅಂತ ಲಾರಿಯವರನ್ನು ಕೇಳಿ, ಮ್ಯಾಪ್ ನಂಬಬೇಡಿ.

ರೈಲೂ ಇದೆ. ಯಶವಂತಪುರ–ವಾಸ್ಕೋ ಗಾಡಿ ದಾವಣಗೆರೆ, ಹುಬ್ಬಳ್ಳಿ, ಲೋಂಡಾ ಮೇಲೆ ಹೋಗಿ ಕ್ಯಾಸಲ್ ರಾಕ್ ಘಟ್ಟ ಇಳಿಯುತ್ತದೆ. ಸೈಕಲ್ ಹೇಗೆ ಬುಕ್ ಮಾಡಬೇಕು ಅಂತ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಮೊದಲೇ ವಿಚಾರಿಸಿ. ನಾನಾದರೆ ರೇಸಿನ ಸೈಕಲ್ಲನ್ನು ಕಣ್ಣಿಗೆ ಕಾಣದ ಬೋಗಿಗೆ ಹಾಕಲು ಒಪ್ಪುವುದಿಲ್ಲ. ಬಸ್ಸಿನ ಬಗ್ಗೆ ಇನ್ನು ಹೇಳುವುದು ಏನೂ ಇಲ್ಲ!

ಹೇಗೇ ಹೋದರೂ ಹೊರಡುವ ಹಿಂದಿನ ರಾತ್ರಿ ಮೊದಲ ಸಲ ಬಿಚ್ಚಬೇಡಿ. ಮನೆಯಲ್ಲಿ ಎರಡು ಸಲ ಬಿಚ್ಚಿ ಜೋಡಿಸಿ ನೋಡಿ. ಎಡಗಡೆ ಪೆಡಲ್‌ಗೆ ತಿರುಪಿನ ಮರೆ ಉಲ್ಟಾ ಇರುತ್ತದೆ. ಸ್ಪ್ಯಾನರ್ ಹಿಡಿ ಮೇಲ್ಮುಖವಾಗಿದ್ದಾಗ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಸಡಿಲವಾಗುತ್ತವೆ, ಇಷ್ಟು ನೆನಪಿಡಿ ಸಾಕು. ಸೀಟಿನ ಕಂಬಿಗೆ ಈಗಿರುವ ಎತ್ತರದಲ್ಲೇ ಇನ್ಸುಲೇಶನ್ ಟೇಪ್ ಸುತ್ತಿ. ಡಿರೇಲರ್ ಬಿಚ್ಚಿ, ಹಳೇ ಬನಿಯನ್‌ನಲ್ಲಿ ಸುತ್ತಿ, ಫ್ರೇಮಿನ ಒಳಕ್ಕೆ ಕಟ್ಟಿ. ಡಿಸ್ಕ್ ಬ್ರೇಕ್ ಆದರೆ ಪ್ಯಾಡ್‌ಗಳ ನಡುವೆ ದಪ್ಪ ರಟ್ಟಿನ ತುಂಡು ಇಡಿ. ಚಕ್ರ ಇಲ್ಲದಾಗ ಯಾರಾದರೂ ಬ್ರೇಕ್ ಒತ್ತಿದರೆ ಪ್ಯಾಡ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಹಾಳು ಹ್ಯಾಂಗರ್ ಇದೆಯಲ್ಲ, ನಿಮ್ಮ ಮಾಡೆಲ್‌ದು ಇನ್ನೊಂದು ತರಿಸಿ ಚೀಲಕ್ಕೆ ಹಾಕಿಕೊಳ್ಳಿ.

ರೂಮು ರೇಸ್ ನಡೆಯುವ ಮಿರಾಮಾರ್ ಬೀಚಿಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಓಲಾ, ಊಬರ್ ಗೋವಾದಲ್ಲಿ ಇಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಟ್ಯಾಕ್ಸಿ ಹುಡುಕುವ ಗೋಳು ಬೇಡ. ಸ್ವಿಮ್ಮಿಂಗ್ ಪೂಲ್, ಸೀ ವ್ಯೂ ಎಲ್ಲ ಬಿಡಿ, ರೂಮಿನಲ್ಲಿ ಕೆಟಲ್ ಇದೆಯಾ ಅಂತ ಕೇಳಿ. ಆ ಹೊತ್ತಿಗೆ ಹೋಟೆಲ್ ಅಡುಗೆಮನೆ ತೆಗೆದಿರುವುದಿಲ್ಲ. ನಾನು ಬಿಸಿನೀರಿಗೆ ರಾಗಿ ಹುರಿಹಿಟ್ಟು, ಬೆಲ್ಲ ಕಲಸಿಕೊಂಡು ಎರಡು ಬಾಳೆಹಣ್ಣು ತಿನ್ನುತ್ತೇನೆ. ಮನೆಯಲ್ಲಿ ಉದ್ದದ ರೈಡ್ ಮುಂಚೆ ಏನು ತಿನ್ನುತ್ತೀರೋ ಅದನ್ನೇ ಕಟ್ಟಿಕೊಂಡು ಹೋಗಿ. ಮೀನಿನ ಥಾಲಿ ಭಾನುವಾರ ಮಧ್ಯಾಹ್ನದ ಮೇಲೆ, ಎಷ್ಟು ಬೇಕಾದರೂ.

ಇನ್ನು ಸಮುದ್ರ. ನಿಮಗೆ ನಿಜವಾಗಿ ಹೊಸದು ಇದೇ. ಮಿರಾಮಾರ್ ಅಂದರೆ ಮಾಂಡೋವಿ ಹೊಳೆ ಅರಬ್ಬಿ ಸಮುದ್ರ ಸೇರುವ ಜಾಗ, ನೀರು ಕಲಕಿರುತ್ತದೆ. ಮುಖ ಮುಳುಗಿಸಿದರೆ ನನಗೆ ಸ್ವಂತ ಕೈಯೇ ಕಾಣಲಿಲ್ಲ. ಪೂಲ್‌ನ ತಳದಲ್ಲಿ ಕಪ್ಪು ಗೆರೆ ಇರುತ್ತದಲ್ಲ, ಅದನ್ನು ನೋಡಿಕೊಂಡು ಈಜಿದವರಿಗೆ ಕತ್ತಲೆ ಕೋಣೆಗೆ ಹೊಕ್ಕ ಹಾಗಾಗುತ್ತದೆ. ಉಸಿರು ಮೇಲಕ್ಕೇ ನಿಲ್ಲುತ್ತದೆ. ಅದು ಎರಡು ಮೂರು ನಿಮಿಷದ ಆಟ, ಆಮೇಲೆ ಇಳಿಯುತ್ತದೆ. ಆದರೆ ಅದನ್ನು ರೇಸಿನ ದಿನ ಮೊದಲ ಸಲ ಅನುಭವಿಸಬೇಡಿ. ಆಯೋಜಕರು ಅಭ್ಯಾಸದ ಈಜಿಗೆ ಹೊತ್ತು ಕೊಟ್ಟರೆ ಗುಂಪಿನ ಜೊತೆ ಇಳಿಯಿರಿ, ಒಬ್ಬರೇ ಬೇಡ. ಶುಕ್ರವಾರವೇ ಬನ್ನಿ ಅಂದಿದ್ದಕ್ಕೆ ಇದೂ ಒಂದು ಕಾರಣ.

ಊರಲ್ಲಿ ಈಗಿನಿಂದ ಒಂದು ಕೆಲಸ ಮಾಡಿ. ಪೂಲ್ ಖಾಲಿ ಇದ್ದಾಗ ಕಣ್ಣು ಮುಚ್ಚಿ ಆರು ಸಲ ಕೈ ಹೊಡೆಯಿರಿ, ತಲೆ ಎತ್ತಿ ನೋಡಿ. ಯಾವ ಕಡೆ ವಾಲುತ್ತೀರಿ ಅಂತ ಗೊತ್ತಾಗುತ್ತದೆ. ಸಮುದ್ರದಲ್ಲೂ ಅಷ್ಟೇ, ಆರೆಂಟು ಕೈಗೊಮ್ಮೆ ತಲೆ ಎತ್ತಿ ದಾರಿ ತೋರಿಸುವ ತೇಲುಬುರುಡೆ ನೋಡಬೇಕು. ನಾನು ನೋಡದೆ ಅಡ್ಡಾದಿಡ್ಡಿ ಹೋಗಿ 1.9 ಕಿಲೋಮೀಟರಿಗೆ ಇನ್ನೂರು ಮೀಟರ್ ಸೇರಿಸಿಕೊಂಡಿದ್ದೆ. ಈಜಿಗೆ ಇರುವುದು 1 ಗಂಟೆ 10 ನಿಮಿಷ. ದಯವಿಟ್ಟು ಅಭ್ಯಾಸ ಅಂತ ಭದ್ರಾ ನಾಲೆಗೆ ಇಳಿಯಬೇಡಿ, ಆ ಸೆಳೆತ ಬೇರೆಯೇ. ವೆಟ್‌ಸೂಟ್ (ಮೈ ಬೆಚ್ಚಗಿಡುವ ಈಜುಡುಗೆ) ಕೊಳ್ಳಬೇಡಿ, ನೀರು ಬೆಚ್ಚಗಿರುತ್ತದೆ. ಉಪ್ಪುನೀರು ತಾನೇ ತೇಲಿಸುತ್ತದೆ, ಆದರೆ ಕುತ್ತಿಗೆ, ಕಂಕುಳು ಉಜ್ಜಿ ಹೋಗುತ್ತವೆ. ಪೆಟ್ರೋಲಿಯಂ ಜೆಲ್ಲಿ ಧಾರಾಳವಾಗಿ ಬಳಿದುಕೊಳ್ಳಿ.

ಬಿಸಿಲು ನಿಮಗೆ ಹೊಸದಲ್ಲ. ಆದರೆ ದಾವಣಗೆರೆಯದು ಒಣ ಬಿಸಿಲು, ಗೋವಾದಲ್ಲಿ ಬೆವರು ಆರುವುದೇ ಇಲ್ಲ. ಮೈ ಅದಕ್ಕೆ ಒಗ್ಗಲು ಒಂದೆರಡು ವಾರ ಬೇಕು, ಅಷ್ಟು ದಿನ ಮೊದಲೇ ಯಾರು ಹೋಗುತ್ತಾರೆ? 21 ಕಿಲೋಮೀಟರ್ ಓಟವನ್ನು ನಿಮ್ಮ ಊರಿನ ವೇಗಕ್ಕಿಂತ ನಿಧಾನವಾಗಿ ಶುರು ಮಾಡಿ. ಮೂರೂ ಸೇರಿ ಒಟ್ಟು 8 ಗಂಟೆ 30 ನಿಮಿಷ ಇದೆ.

ಶನಿವಾರ ಸೈಕಲ್ ಒಪ್ಪಿಸುವಾಗ ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಇರಲಿ. ಬಿಸಿಲಿಗೆ ಟ್ಯೂಬ್ ಢಂ ಅನ್ನುವುದನ್ನು ಕೇಳಿದ್ದೇನೆ. ಪುಣ್ಯಕ್ಕೆ ನನ್ನದಲ್ಲ. ಭಾನುವಾರ ಬೆಳಿಗ್ಗೆ ತುಂಬಿಸಿ, ಪಂಪ್ ಒಯ್ಯಿರಿ. ಆಯೋಜಕರು ಕೊಡುವ ಚೀಲಗಳಲ್ಲಿ ನೀಲಿಗೆ ಸೈಕಲ್ ಸಾಮಾನು, ಕೆಂಪಿಗೆ ಓಟದ್ದು, ಬಿಳಿಗೆ ಕೊನೆಗೆ ಹಾಕಿಕೊಳ್ಳುವ ಬಟ್ಟೆ. ಹೆಲ್ಮೆಟ್ ಬಕಲ್ ಹಾಕುವ ಮೊದಲು ಸೈಕಲ್ ಮುಟ್ಟಬೇಡಿ, ದಂಡ ಬೀಳುತ್ತದೆ. ಬಿಬ್‌ಗೆ (ನಿಮ್ಮ ನಂಬರ್ ಇರುವ ಚೀಟಿ) ಫೋಟೋ ಇರುವ ಗುರುತಿನ ಚೀಟಿ ಬೇಕು, ರೇಸಿನ ದಿನ ಬೆಳಿಗ್ಗೆ ಕೊಡುವುದಿಲ್ಲ.

ಹಾಂ, ವಾಪಸ್ ಟಿಕೆಟ್ ಬಸ್ಸೋ ರೈಲೋ, ಲೋವರ್ ಬರ್ತ್ ತಗೊಳ್ಳಿ. ನನಗೆ ಸಿಕ್ಕಿದ್ದು ಅಪ್ಪರ್. ಮೂರು ಮೆಟ್ಟಿಲಿನ ಏಣಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ, ಕಾಲು ಏಳಲೊಲ್ಲದು. ಕೊನೆಗೆ ಕ್ಲೀನರ್ ಹುಡುಗ ಕೆಳಗಿನಿಂದ ಮೂಟೆ ಏರಿಸಿದ ಹಾಗೆ ತಳ್ಳಿ ಹತ್ತಿಸಿದ.