ಅಜ್ಜ ಆಸ್ಪತ್ರೆಯಲ್ಲಿದ್ದಾರೆ ಅಂತ ಮಗನಿಗೆ ಎಷ್ಟು ದಿನ ಹೇಳಲಿ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಕಾಫಿ ತೋಟ ಇದೆ. ಡಿಸೆಂಬರ್‌ನಲ್ಲಿ, ಕೊಯ್ಲಿನ ಸಮಯದಲ್ಲಿ, ಬೆಳಿಗ್ಗೆ ತೋಟಕ್ಕೆ ಹೋದ ನಮ್ಮ ಮಾವ ಕಾಡಾನೆ ತುಳಿದು ತೀರಿಕೊಂಡರು. 7 ವರ್ಷದ ಮಗನನ್ನು ಅವತ್ತೇ ಹಾಸನದ ನನ್ನ ತಂಗಿ ಮನೆಗೆ ಕಳಿಸಿ, ತಿಥಿ ಮುಗಿದ ಮೇಲೆ ಕರೆತಂದೆವು. ಅಜ್ಜ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ ಅಂತ ಹೇಳಿದ್ದೇವೆ. ಮೂರು ತಿಂಗಳಾಯಿತು. ಈಗ ಅವನು ಅಜ್ಜನ ವಿಷಯ ಕೇಳುವುದನ್ನೇ ಬಿಟ್ಟಿದ್ದಾನೆ. ಆದರೆ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ನನ್ನನ್ನು ಬಿಟ್ಟು ಇರುವುದಿಲ್ಲ. ಒಬ್ಬನೇ ಕೂತು ಆನೆ ಬೊಂಬೆಯಿಂದ ಇನ್ನೊಂದು ಬೊಂಬೆಯನ್ನು ತುಳಿಸುತ್ತಾನೆ. ಅಜ್ಜ ದಿನಾ ತೋಟದಿಂದ ಅವನಿಗೆ ಕಿತ್ತಳೆ ತರುತ್ತಿದ್ದರು. ಈಗ ಕಿತ್ತಳೆ ಕೊಟ್ಟರೆ ಮುಟ್ಟುವುದಿಲ್ಲ. ಯಜಮಾನರು 'ಅವನ ಮುಂದೆ ಅಳಬೇಡ, ಮರೀತಾನೆ ಬಿಡು' ಅನ್ನುತ್ತಾರೆ. ಏನು ಮಾಡಲಿ?
(ಹೆಸರು ಬೇಡ)

ಉತ್ತರ: ಪತ್ರ ಓದಿ ಮನಸ್ಸು ಭಾರವಾಯಿತು. ನಿಮ್ಮ ಮನೆಗೆ ಬಂದಿರುವುದು ಸಣ್ಣ ಕಷ್ಟವಲ್ಲ. ಆ ಸುಳ್ಳನ್ನು ನೀವು ಮಗನ ಮೇಲಿನ ಪ್ರೀತಿಗೇ ಹೇಳಿದ್ದೀರಿ ಅಂತ ಗೊತ್ತು. ಆದರೂ ಈಗ ಅದನ್ನು ಬಿಡಬೇಕು, ಆದಷ್ಟು ಬೇಗ.

ನಿಮ್ಮ ಮಗನಿಗೆ ವಿಷಯ ಗೊತ್ತಿದೆ. ತೋಟದ ಕೆಲಸದವರ ಲೈನ್ ಮನೆಯ ಮಕ್ಕಳೋ, ಶಾಲೆಯ ವ್ಯಾನಿನಲ್ಲಿ ಯಾರೋ ಹೇಳಿರುತ್ತಾರೆ. ಇಲ್ಲದಿದ್ದರೆ ಅವನ ಆಟದಲ್ಲಿ ಆನೆ ಯಾಕೆ ತುಳಿಯಬೇಕು? ಕೇಳುವುದನ್ನು ಬಿಟ್ಟಿದ್ದು ಮರೆತಿದ್ದಕ್ಕಲ್ಲ. ಈ ಮಾತು ಎತ್ತಿದರೆ ಅಮ್ಮನ ಮುಖ ಬದಲಾಗುತ್ತದೆ ಅಂತ ಅವನು ನೋಡಿದ್ದಾನೆ. ಇಷ್ಟು ದೊಡ್ಡ ವಿಷಯವನ್ನು 7 ವರ್ಷದ ಹುಡುಗ ಒಬ್ಬನೇ ಹೊತ್ತುಕೊಂಡಿದ್ದಾನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಿತ್ತಳೆ. ಈ ವಯಸ್ಸಿನ ಮಕ್ಕಳು ಕೆಟ್ಟದ್ದು ನಡೆದರೆ ಅದಕ್ಕೆ ತಾವೇ ಕಾರಣ ಅಂದುಕೊಳ್ಳುವುದು ಬಹಳ. ಕಿತ್ತಳೆ ತನ್ನಿ ಅಂತ ಹಿಂದಿನ ದಿನ ಅಜ್ಜನಿಗೆ ಹೇಳಿದ್ದನೇನೋ. ನಾನು ಕೇಳಿದ್ದಕ್ಕೇ ಅಜ್ಜ ತೋಟಕ್ಕೆ ಹೋದರು ಅನ್ನುವುದು ಅವನ ಮನಸ್ಸಿನಲ್ಲಿ ಕೂತಿರಬಹುದು. ಇದು ನನ್ನ ಊಹೆ, ತಪ್ಪಿರಲೂಬಹುದು. ಆದರೆ ಅವನು ಬಾಯಿಬಿಟ್ಟು ಹೇಳಲಿ ಅಂತ ಕಾಯಬೇಡಿ. ನೀವೇ ಹೇಳಿಬಿಡಿ: "ಅಜ್ಜ ಪ್ರತಿದಿನ ತೋಟಕ್ಕೆ ಹೋಗುತ್ತಿದ್ದರು. ಅವತ್ತೂ ಕೆಲಸಕ್ಕೇ ಹೋಗಿದ್ದರು. ನೀನು ಏನು ಕೇಳಿದ್ದರೂ, ಏನು ಮಾಡಿದ್ದರೂ ಇದು ನಿನ್ನಿಂದ ಆಗಿದ್ದಲ್ಲ." ಒಂದು ಸಲ ಹೇಳಿದರೆ ಸಾಲದು. ಬೇರೆ ಬೇರೆ ದಿನ, ತಲೆಗೆ ಎಣ್ಣೆ ಹಚ್ಚುವಾಗಲೋ ಊಟ ಹಾಕುವಾಗಲೋ ಮತ್ತೆ ಹೇಳಿ.

ಸತ್ಯ ಹೇಳುವಾಗ ಸುತ್ತಿ ಬಳಸಬೇಡಿ. ರಜೆಯ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಅವನ ಪಕ್ಕ ಕೂತುಕೊಳ್ಳಿ. "ನಾವು ನಿನಗೆ ಸುಳ್ಳು ಹೇಳಿದ್ದೆವು, ತಪ್ಪಾಯಿತು. ಅಜ್ಜ ಆಸ್ಪತ್ರೆಯಲ್ಲಿಲ್ಲ. ತೋಟದಲ್ಲಿ ಆನೆಯಿಂದ ಪೆಟ್ಟಾಗಿ ಸತ್ತುಹೋದರು. ಅವರ ಉಸಿರು ನಿಂತಿದೆ. ಅವರು ವಾಪಸ್ ಬರುವುದಿಲ್ಲ." ಸತ್ತರು ಅನ್ನುವ ಮಾತು ಒರಟು ಅನ್ನಿಸುತ್ತದೆ, ಆದರೆ ಮಗುವಿಗೆ ಅರ್ಥವಾಗುವುದು ಅದೇ. 'ಮಲಗಿದ್ದಾರೆ' ಅಂದರೆ ಕೆಲವು ಮಕ್ಕಳು ನಿದ್ದೆಗೇ ಹೆದರುತ್ತವೆ. 'ದೇವರು ಕರೆದುಕೊಂಡ' ಅಂದರೆ ಮುಂದೆ ಅಮ್ಮನನ್ನೂ ಕರೆಯಬಹುದು ಅಂತ ಯೋಚಿಸುತ್ತವೆ. ಗಾಯದ ವಿವರ ಬೇಡ. ಆದರೆ ಫೋನಿನಲ್ಲಿ ಯಾರಾದರೂ ಫೋಟೋ, ವಿಡಿಯೊ ತೋರಿಸಿದ್ದರಾ ಅಂತ ಮೆಲ್ಲಗೆ ಕೇಳಿ. ನೋಡಿದ್ದರೆ ಅದರ ಬಗ್ಗೆ ಮಾತಾಡಲು ಬಿಡಿ.

ನಿಮಗೆ ಅಳು ಬಂದರೆ ಅಳಿ. ನಿಮ್ಮ ಯಜಮಾನರಿಗೂ ಇದನ್ನು ಓದಿಸಿ. ಅವರು ತಂದೆಯನ್ನು ಕಳೆದುಕೊಂಡಿದ್ದಾರೆ, ಅವರಿಗೂ ಅಳು ಇರುತ್ತದೆ ಅಲ್ವಾ? ಅಪ್ಪ ಅತ್ತು, ಕಣ್ಣೊರೆಸಿಕೊಂಡು, ಆಮೇಲೆ ಎದ್ದು ಕೊಟ್ಟಿಗೆ ಕೆಲಸಕ್ಕೆ ಹೋಗುವುದನ್ನು ಮಗ ನೋಡಲಿ. ಮಗ ಅಳದೆ ಐದೇ ನಿಮಿಷಕ್ಕೆ ಆಡಲು ಓಡಿದರೂ ತಪ್ಪು ತಿಳಿಯಬೇಡಿ. ಮಕ್ಕಳ ದುಃಖ ಹಾಗೇ, ಬಂದು ಹೋಗಿ ಮಾಡುತ್ತದೆ.

ಹಾಸಿಗೆ ಒದ್ದೆಯಾದರೆ ಸುಮ್ನೆ ಬಟ್ಟೆ ಬದಲಿಸಿ. ಬೈಗುಳ ಬೇಡ, ನೆಂಟರ ಮುಂದೆ ಹೇಳುವುದಂತೂ ಬೇಡವೇ ಬೇಡ. ಹೆದರಿದ ಮಕ್ಕಳು ಸ್ವಲ್ಪ ದಿನ ಚಿಕ್ಕ ಮಗುವಿನ ಹಾಗೆ ಆಗುವುದುಂಟು. ಆದರೂ ಒಂದು ಸಲ ಡಾಕ್ಟರಿಗೆ ತೋರಿಸಿ, ಉರಿಮೂತ್ರ ಇದ್ದರಂತೂ ತಡಮಾಡಬೇಡಿ. ಆನೆ ಆಟವನ್ನೂ ನಿಲ್ಲಿಸಬೇಡಿ, ಪಕ್ಕದಲ್ಲಿ ಕೂತು "ಆಮೇಲೆ ಏನಾಯಿತು?" ಅಂತ ಕೇಳಿ.

ಆನೆ ಮತ್ತೆ ಬರುತ್ತದಾ ಅಂತ ಅವನು ಕೇಳಿಯೇ ಕೇಳುತ್ತಾನೆ. ಬರುವುದಿಲ್ಲ ಅನ್ನಬೇಡಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಇರುವವರು ಆ ಮಾತು ಕೊಡಲು ಆಗುವುದಿಲ್ಲ. ಹಲಸು ಹಣ್ಣಾದಾಗ, ಭತ್ತ ಕೊಯ್ಲಿಗೆ ಬಂದಾಗ ಅವು ಬಂದೇ ಬರುತ್ತವೆ. ನಾವು ಏನು ಮಾಡುತ್ತೇವೆ ಅನ್ನುವುದನ್ನು ಹೇಳಿ. ಅರಣ್ಯ ಇಲಾಖೆಯವರ ಮೆಸೇಜ್ ನೋಡಿಯೇ ಅಪ್ಪ ಹೊರಡುತ್ತಾರೆ, ಬೆಳಕಾಗದೆ ಯಾರೂ ತೋಟಕ್ಕೆ ಇಳಿಯುವುದಿಲ್ಲ, ಒಬ್ಬರೇ ಹೋಗುವುದಿಲ್ಲ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ, ಅವನು ಗಮನಿಸುತ್ತಿರುತ್ತಾನೆ. ಸಂಜೆ ಟಾರ್ಚ್ ಚಾರ್ಜಿಗೆ ಹಾಕುವ ಕೆಲಸ ಅವನಿಗೇ ಕೊಡಿ. ತನ್ನ ಕೈಯಲ್ಲೂ ಏನೋ ಇದೆ ಅನ್ನಿಸಿದರೆ ಹೆದರಿಕೆ ಸ್ವಲ್ಪ ಇಳಿಯುತ್ತದೆ.

ಇಷ್ಟಾದ ಮೇಲೂ ಕೆಲವು ವಾರಗಳಲ್ಲಿ ನಿದ್ದೆ, ಊಟ ಸರಿಹೋಗದಿದ್ದರೆ, ಶಾಲೆ ಬಿಟ್ಟರೆ ತಡಮಾಡದೆ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. 'ನಾನೂ ಅಜ್ಜನ ಹತ್ತಿರ ಹೋಗುತ್ತೇನೆ' ಅಂದರೆ ಅವತ್ತೇ ಹೋಗಿ. ಮೊದಲು ಫೋನಿನಲ್ಲಿ ಕೇಳಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗಾಗಿಯೂ ಮಾಡಿ. ಮೂರು ತಿಂಗಳಿಂದ ನೀವೂ ಅಳು ನುಂಗಿಕೊಂಡೇ ಇದ್ದೀರಿ.

ಇನ್ನೊಂದು ಮಾತು. ಅವನು ಅಜ್ಜನನ್ನು ಕಳಿಸಿಕೊಡಲಿಲ್ಲ. ನೀವೆಲ್ಲ ಅತ್ತಿರಿ, ಎಡೆ ಇಟ್ಟಿರಿ, ಅವನಿಗೆ ಅದು ಯಾವುದೂ ಸಿಗಲಿಲ್ಲ. ಸತ್ಯ ಹೇಳಿ ನಾಲ್ಕು ದಿನ ಕಳೆದ ಮೇಲೆ, ಅಜ್ಜನಿಗೆ ಎಡೆ ಇಡೋಣವಾ ಅಂತ ಅವನನ್ನೇ ಕೇಳಿ. ಹೂ ಅವನೇ ಕಿತ್ತು ತರಲಿ. ಏನು ಬಡಿಸಬೇಕು ಅನ್ನುವುದನ್ನೂ ಅವನೇ ಹೇಳಲಿ. ಕಡುಬು ಅನ್ನಬಹುದು, ಕಿತ್ತಳೆ ಅನ್ನಬಹುದು. ಬೇಡ ಅಂತ ಬಾಗಿಲ ಹಿಂದೆ ನಿಂತರೆ ಒತ್ತಾಯ ಮಾಡಬೇಡಿ. ಇನ್ನೊಂದು ದಿನ ಮತ್ತೆ ಕೇಳಿ.